ಸಿಗದ ವಾದ್ಯಕ್ಕೆಲ್ಲ ಪಿಯಾನೊ

ವಿಚಾರಣೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಿಂದ ಸನಾದಿ ಚೀರಿತು.

ಮೊದಲು ಕೆಳಗೆಲ್ಲೋ ಹುಟ್ಟಿದ ಒಂದೇ ಒಂದು ಸ್ವರ. ಉಸಿರು ಕಡಿಯದೆ ಅದು ಮೇಲೇರುತ್ತ ಹೋಯಿತು. ಫ್ಯಾನಿನ ಕಟಕಟ, ಹೊರಗಿನ ಆಟೋಗಳ ಗದ್ದಲ, ಪಕ್ಕದ ಕೋಣೆಯ ಪ್ರಿಂಟರಿನ ಗೊರಗೊರ ಎಲ್ಲವನ್ನೂ ಸೀಳಿಕೊಂಡು ಏರಿತು. ಚಹಾ ತಂದಿದ್ದ ಜವಾನ ಬಾಗಿಲಲ್ಲೇ ನಿಂತು ಒಳಗೆ ಇಣುಕಿದ.

ರೇಣವ್ವ ಭಜಂತ್ರಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಿರಣಿಹಾಳ ನಗರದ ಒಳಚರಂಡಿಯನ್ನು ಹನ್ನೆರಡು ವರ್ಷ ಕಿವಿಯಿಂದ ಕಾದವಳು. ಈ ಚೀರಾಟವನ್ನು ಅವಳು ಇವತ್ತೇ ಮೊದಲ ಸಲ ಕೇಳುತ್ತಿದ್ದಳು. ಅದೇ ಅವಳ ಕಷ್ಟವಾಗಿತ್ತು.

ವಿಚಾರಣಾಧಿಕಾರಿ ಇನಾಮದಾರ ಒಂದು ಬೆರಳಿನಿಂದ ಸದ್ದು ನಿಲ್ಲಿಸಿದರು.

"ಕೇಳಿಸ್ತೇನ್ರೀ?"

"ಕೇಳಿಸ್ತ್ರಿ."

"ಬಾಗಲಾಗ ನಿಂತ ಪ್ಯೂನಗೂ ಕೇಳಿಸ್ತು. ಅವತ್ತ ನಿಮಗ ಒಬ್ರಿಗೆ ಕೇಳಿಸ್ಲಿಲ್ಲ."

"ಅವತ್ತ ಇದು ಬರ್ಲಿಲ್ರಿ ಸಾಹೇಬ್ರ."

"ಬರ್ಲಿಲ್ಲಂದ್ರ? ಇದು ಅವತ್ತಿನ ಫೈಲ. ಏಳನೇ ಬಾವಿ, ಹನ್ನೊಂದು ಗಂಟೆಯಿಂದ ಹನ್ನೊಂದೂ ಹದಿನೈದರ ತನಕ. ಯಾರೂ ಮುಟ್ಟಿಲ್ಲ, ತಿದ್ದಿಲ್ಲ. ಅದರಾಗ ಹನ್ನೊಂದ ನಿಮಿಷ ಸನಾದಿ ಒದರೇತಿ. ನೀವು ಸೈರನ್ ಒತ್ತಿಲ್ಲ. ದಾವಲಸಾಬ ಸತ್ತ."

ಅವರು ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. 'ಕರ್ತವ್ಯದ ವೇಳೆ ನನ್ನ ಗಮನ ಬೇರೆಡೆ ಇದ್ದುದರಿಂದ' ಎಂದು ಶುರುವಾಗುತ್ತಿತ್ತು. ಸಹಿ ಮಾಡಿದರೆ ಪ್ರಕರಣ ಒಳಚರಂಡಿ ಮಂಡಳಿಯೊಳಗೇ ಮುಗಿಯುತ್ತದೆ, ಅವಳನ್ನು ಮೀಟರು ವಿಭಾಗಕ್ಕೆ ಹಾಕುತ್ತಾರೆ. ಮಾಡದಿದ್ದರೆ ಕೆಲಸ ಹೋಗುತ್ತದೆ, ಕಡತ ಪೊಲೀಸರಿಗೆ ಹೋಗುತ್ತದೆ. ಇನಾಮದಾರರು ಕೆಟ್ಟ ಮನುಷ್ಯರಲ್ಲ. ಕೆಟ್ಟ ಮನುಷ್ಯರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಗುರುವಾರದ ತನಕ ವಿಚಾರ ಮಾಡ್ರಿ" ಅಂದರು. ಅವತ್ತು ಸೋಮವಾರ.

ಮನುಷ್ಯರು ಚರಂಡಿ ಬಾವಿಗೆ ಇಳಿಯಕೂಡದು ಎಂಬ ಕಾನೂನು ಅಷ್ಟೊತ್ತಿಗೆ ಹಳೆಯದಾಗಿ ತುಕ್ಕು ಹಿಡಿದಿತ್ತು. ಬಾವಿ ಎಂದರೆ ಕುಡಿಯುವ ನೀರಿನದಲ್ಲ. ಊರಿನ ಹೊಲಸೆಲ್ಲ ಹರಿದು ಬಂದು ನಿಲ್ಲುವ, ಅಲ್ಲಿಂದ ಪಂಪು ಎತ್ತಿ ಮುಂದಕ್ಕೆ ದಬ್ಬುವ ಆಳದ ಗುಂಡಿ. ಇಂಥವು ನಗರದಲ್ಲಿ ಹದಿನಾಲ್ಕು. ಯಂತ್ರದ ಕೈಗಳನ್ನು ತಂದಿದ್ದರು, ಹೂಮಾಲೆ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ಪಂಪಿನ ಬಾಯಿಗೆ ಹಳೇ ಸೀರೆಯ ಚೂರೊಂದು ಸುತ್ತಿಕೊಂಡರೆ ಯಂತ್ರದ ಕೈ ಸೋತು ನಿಲ್ಲುತ್ತಿತ್ತು, ದಾವಲಸಾಬನ ಕೈ ಇಳಿಯುತ್ತಿತ್ತು. ಕಾನೂನಿಗೆ ನೋವಾಗದಿರಲೆಂದು ಕಾಗದದಲ್ಲಿ ಅವನ ಹೆಸರು 'ತಪಾಸಕ' ಎಂದಿತ್ತು.

ಕೆಳಗಿಳಿದವರನ್ನು ಕೊಲ್ಲುವುದು ನೀರಲ್ಲ, ಗ್ಯಾಸು. ಮೊದಲು ಗ್ಯಾಸು ಕಂಡ ಕೂಡಲೇ ತಾನೇ ಕೂಗುವ ಸೈರನ್ ಹಾಕಿದ್ದರು. ಸೆನ್ಸರಿಗೆ ರಾಡಿ ಮೆತ್ತಿಕೊಂಡು ದಿನಕ್ಕೆ ಇಪ್ಪತ್ತು ಸಲ ಸುಳ್ಳೇ ಕೂಗತೊಡಗಿತು. ಕೆಲಸ ಸಾಗದೆ ಬೇಸತ್ತವರು ತಂತಿಯನ್ನೇ ಕತ್ತರಿಸಿದರು, ಆ ವರ್ಷ ಮೂವರು ಸತ್ತರು. ಸುಳ್ಳು ಯಾವುದು, ಖರೆ ಯಾವುದು ಎಂದು ಗುರುತಿಸಲು ಮನುಷ್ಯನೇ ಬೇಕು ಎಂದು ಆಮೇಲೆ ಮಂಡಳಿಗೆ ಹೊಳೆಯಿತು. ಪರದೆ ನೋಡುತ್ತ ಕೂತವರ ಕಣ್ಣು ಗಂಟೆಯೊಳಗೆ ಸೋಲುತ್ತದೆ, ಕಿವಿ ಅಷ್ಟು ಬೇಗ ಸೋಲುವುದಿಲ್ಲ. ಹಾಗಾಗಿ ಬಾವಿಗಳು ಹಾಡತೊಡಗಿದವು. ಅದನ್ನು ಕೇಳಲು ನಗರದ ಮೂರು ಕಡೆ ಮೂರು ಕೋಣೆ, ಕೋಣೆಗೆ ಮೂವರು ಕೇಳುಗರು. ವಾಲಗದವರು, ಬ್ಯಾಂಡಿನವರು, ಮದುವೆ ಆರ್ಕೆಸ್ಟ್ರಾ ಮುಚ್ಚಿ ಮನೆಯಲ್ಲಿ ಕೂತವರು, ಹೀಗೆ ಕಿವಿ ಪಳಗಿದವರನ್ನು ಹುಡುಕಿ ತಂದರು.

ಬಾವಿಯಿಂದ ಕೋಣೆಗೆ ಇದ್ದದ್ದು ಹಳೆಯ ಟೆಲಿಫೋನ್ ತಂತಿ. ಅದರಲ್ಲಿ ಸಂಗೀತ ಹಾಯುವಷ್ಟು ಜಾಗವಿಲ್ಲ. ಹಾಯುತ್ತಿದ್ದದ್ದು ಸಂಗೀತದ ಚೀಟಿ. ಮಿಡಿ ಎಂಬ ಹಳೇ ಪದ್ಧತಿ, ಕೀಬೋರ್ಡ್ ಬಾರಿಸುವವರಿಗೆಲ್ಲ ಗೊತ್ತು. ಯಾವ ವಾದ್ಯ, ಯಾವ ಕೀ, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು. ಚೀಟಿಯಲ್ಲಿ ಇರುವುದು ಇಷ್ಟೇ, ದನಿ ಇರುವುದಿಲ್ಲ. ಅದನ್ನು ಓದಿ ದನಿ ಕೊಡುವುದು ಈ ಕಡೆಯ ಕಂಪ್ಯೂಟರಿನಲ್ಲಿರುವ ಒಂದು ಸಾಫ್ಟ್‌ವೇರು. ಕೇಳುಗರು ಅದಕ್ಕೆ 'ಕೊರಳು' ಎನ್ನುತ್ತಿದ್ದರು. ಚೀಟಿ ಅದೇ ಇದ್ದರೂ ಕೊರಳು ಬದಲಾದರೆ ಹಾಡು ಬದಲಾಗುತ್ತದೆ.

ನೀರಿನ ಮಟ್ಟಕ್ಕೆ ಪಿಯಾನೊ. ನೀರು ಏರಿದ ಹಾಗೆ ಟಿಂ, ಟಿಂ ಎಂದು ಮೇಲಿನ ಕೀಗಳಿಗೆ ಹತ್ತುವುದು. ಪಂಪಿಗೆ ಡೋಲು. ಗ್ಯಾಸಿಗೆ ಸನಾದಿ. ಗ್ಯಾಸು ಇಲ್ಲದಿದ್ದರೆ ಸನಾದಿ ಇಲ್ಲ. ದಿನಗಟ್ಟಲೆ, ವಾರಗಟ್ಟಲೆ ಸುಮ್ಮನಿರುವುದೇ ಅದರ ಕೆಲಸ. ಗ್ಯಾಸು ಬಂದರೆ ಒಂದು ಕೀ ಒತ್ತಿ ಹಿಡಿದಂತೆ ಚೀಟಿ ಬರುತ್ತದೆ, ಗ್ಯಾಸು ಹೋಗುವ ತನಕ ಬಿಡುವುದಿಲ್ಲ, ಹೆಚ್ಚಿದಂತೆ ಸ್ವರ ಮೇಲಕ್ಕೆ ಬಾಗುತ್ತದೆ. ಕೊರಳು ಕಟ್ಟುವಾಗ ಆ ಸನಾದಿಯ ಸ್ವರಗಳನ್ನು ಒಂದೊಂದಾಗಿ ಊದಿ ಕೊಟ್ಟವನು ರೇಣವ್ವನ ಅಪ್ಪ ಮಾರುತೆಪ್ಪ. ಎಂಥ ಗದ್ದಲದ ಮದುವೆಯಲ್ಲೂ ಅವನ ಸನಾದಿ ಎರಡು ಓಣಿ ಆಚೆಗೆ ಕೇಳಿಸುತ್ತಿತ್ತು.

ಅವತ್ತು ನಡೆದದ್ದನ್ನು ರೇಣವ್ವ ಒಂಬತ್ತು ದಿನದಿಂದ ತಲೆಯೊಳಗೆ ಬಾರಿಸಿಕೊಂಡು ಕೂತಿದ್ದಳು. ಹತ್ತು ಗಂಟೆಗೆ ಫಕ್ಕೀರಪ್ಪನಿಂದ ಪಾಳಿ ತೆಗೆದುಕೊಂಡಳು. ಹನ್ನೊಂದಕ್ಕೆ ದಾವಲಸಾಬ ಏಳನೇ ಬಾವಿಗೆ ಇಳಿದ. ಆ ಬಾವಿಯೊಂದನ್ನೇ ತೆರೆದು ಕೇಳುತ್ತ ಕೂತಳು. ಪಿಯಾನೊ ಅವತ್ತು ಎಂದಿಗಿಂತ ಇಂಪಾಗಿತ್ತು. ನಡುವೆ ಒಂದೇ ಒಂದು ಸಲ, ಯಾರೋ ತಪ್ಪು ಕೀ ಒತ್ತಿದ ಹಾಗೆ, ಸಾಲಿಗೆ ಸೇರದ ಒಂದು ಟಿಂ ಬಂತು. ನೀರು ಕುಲುಕಿರಬೇಕು ಅಂದುಕೊಂಡಳು. ಹನ್ನೊಂದು ನಿಮಿಷದ ಮೇಲೆ, ಬಾವಿಯ ಬಾಯಲ್ಲಿ ಹಗ್ಗ ಹಿಡಿದು ನಿಂತವನು ಫೋನಿನಲ್ಲಿ ಬೊಬ್ಬೆ ಹಾಕಿದ.

ಮನೆಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎಪ್ಪತ್ತು ದಾಟಿದ ಮೇಲೆ ಅವನಲ್ಲಿ ಉಳಿದದ್ದು ಕೆಮ್ಮು ಮತ್ತು ಬಾಯಿ. ಪಕ್ಕದ ಬಾಗಿಲು ಮುಚ್ಚಿತ್ತು. ಅದು ದಾವಲಸಾಬನ ಹೆಂಡತಿ ಮಾಬುಬಿಯ ಮನೆ. ಇಬ್ಬರ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಹದಿನೈದು ವರ್ಷ ಆ ಗೋಡೆಯನ್ನು ಬಡಿದು "ಅಕ್ಕಾ, ಒಂದ ಚಮಚಾ ಚಾಪುಡಿ" ಎಂದು ಕೇಳುತ್ತಿದ್ದವಳು ಈಗ ಬಡಿಯುತ್ತಿರಲಿಲ್ಲ. ಅವನ ಮಣ್ಣಿಗೆ ಹೋದ ದಿನ ರೇಣವ್ವ ಒಯ್ದು ಕೊಟ್ಟ ಅನ್ನದ ಪಾತ್ರೆ ಇನ್ನೂ ತಿರುಗಿ ಬಂದಿರಲಿಲ್ಲ.

"ಏನಂದ್ರವ್ವಾ ದೊಡ್ಡ ಮಂದಿ?"

"ಮಲ್ಕೊಂಡಿದ್ದೆ ಅಂತ ಬರ್ದಕೊಡು ಅಂದ್ರು."

"ಮಲ್ಕೊಂಡಿದ್ದೇನು?"

"ಯಪ್ಪಾ, ನೀನೂ ಚಾಲೂ ಮಾಡ್ಬ್ಯಾಡ."

"ಕೇಳಿದ್ನಿ ಅಷ್ಟ. ನಾನೂ ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಮಲ್ಕೊಂಡ ಊದೇನಿ, ಯಾರಿಗೂ ಗೊತ್ತಾಗಿಲ್ಲ." ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಮುಗಿಯಲು ಹೊತ್ತು ಹಿಡಿಯಿತು. "ಮತ್ತ ಕೇಳಿಸಿದ್ರೇನು?"

"ಕೇಳಿಸಿದ್ರು. ನಿಂದ ಸನಾದಿ. ಸುರುವಿಗೆ, ಏರೂಕಿಂತ ಮೊದ್ಲ, ಒಂದ ಕೂದಲೆಳಿಯಷ್ಟ ತಡೀತಲ್ಲ, ಹಂಗ."

ಮಾರುತೆಪ್ಪ ನೆಟ್ಟಗೆ ಕೂತ. "ಅದು ನನ್ನ ಕೆಮ್ಮು. ಆ ಬಿಳಿ ಗಾದಿ ಬಡದ ಖೋಲ್ಯಾಗ ಊದಸಿದ್ರಲ್ಲ, ಅವತ್ತ ಆ ಸ್ವರಕ್ಕ ಗಂಟಲ ಹಿಡೀತು. ಇನ್ನೊಮ್ಮೆ ಊದ್ತೀನಿ ಅಂದೆ, ಸಾಕ್ ಬಿಡ ಅಜ್ಜಾ ಅಂದ್ರು." ಅವನು ಮಗಳ ಮುಖವನ್ನೇ ನೋಡಿದ. "ಅಂದ್ರ ಅವರ ಪೆಟಿಗ್ಯಾಗ ನಾ ಅದೀನಿ. ನಿನ್ನ ಪೆಟಿಗ್ಯಾಗ ಅದೀನೇನು? ಹೋಗಿ ನೋಡ್ಬಾ."

ಬುಧವಾರ ಮಧ್ಯಾಹ್ನ ರೇಣವ್ವ ಕೇಳುವ ಕೋಣೆಗೆ ಹೋದಳು. ಅಮಾನತಿನಲ್ಲಿದ್ದವಳು ಒಳಗೆ ಕಾಲಿಡುವಂತಿರಲಿಲ್ಲ, ಆದರೆ ಬಾಗಿಲಲ್ಲಿ ತಡೆಯಲು ಯಾರೂ ಇರಲೂ ಇಲ್ಲ. ಒಳಗೆ ಫಕ್ಕೀರಪ್ಪ ಹೂಗಾರ ಕೂತಿದ್ದ. ಒಂದು ಕಾಲದಲ್ಲಿ ನಾಲ್ಕು ಜಿಲ್ಲೆ ಸುತ್ತಿದ ಆರ್ಕೆಸ್ಟ್ರಾದ ಕೀಬೋರ್ಡ್ ಮಾಸ್ತರ. ಈಗ ಬಕ್ಕತಲೆ, ಮೊಣಕಾಲು ನೋವು, ಕಿವಿ ಮಾತ್ರ ಹದಿನೆಂಟರದ್ದು. ಸ್ಪೀಕರಿನಲ್ಲಿ ಮೂರನೇ ಬಾವಿ ಆಡುತ್ತಿತ್ತು. ಟಿಂ, ಟಿಂ, ಢಬ್. ಟಿಂ, ಢಬ್.

"ಒಳಗ ಯಾರರೆ ಅದಾರೇನು ಫಕ್ಕೀರಣ್ಣಾ?"

"ಇಬ್ರು. ನೀ ಯಾಕ ಬಂದಿ? ನೋಡಿದ್ರ ನನ್ನೂ ಹೊರಗ ಹಾಕ್ತಾರ."

"ಪರೀಕ್ಷಾ ಗುಂಡಿ ಒತ್ತು."

ಮೇಜಿನ ಅಂಚಿನಲ್ಲಿ ಒಂದು ಹಸಿರು ಗುಂಡಿ ಇತ್ತು. ಒತ್ತಿದರೆ ಕೊರಳಿನ ಮೂರೂ ದನಿಗಳು ಒಂದಾದ ಮೇಲೊಂದು ನುಡಿದು ತೋರಿಸುತ್ತವೆ. ಪ್ರತಿ ಪಾಳಿಗೂ ಒತ್ತಬೇಕು ಎಂದು ನಿಯಮ. ಅದರ ಮೇಲೆ ಈಗ ಫಕ್ಕೀರಪ್ಪನ ಎಲೆಅಡಿಕೆ ಚೀಲ ಕೂತಿತ್ತು.

"ಹುಚ್ಚಿ ಏನ ನೀ? ಮಂದಿ ಒಳಗಿದ್ದಾಗ ಒತ್ತಿದ್ರ ಬಾವಿ ದನಿ ಬಂದ್ ಆಗ್ತೈತಿ."

ರೇಣವ್ವ ಕೈಚಾಚಿ ಸೈರನ್ ಒತ್ತಿದಳು. ಎರಡು ಮೈಲಿ ಆಚೆ ಮೂರನೇ ಬಾವಿಯ ಬಾಯಲ್ಲಿ ಅದು ಕೂಗಿತು. ಮೂರು ನಿಮಿಷಕ್ಕೆ ಫೋನು ಬಂತು. ಮೇಲೆ ಬಂದವನು ಏದುಸಿರಿನಲ್ಲೇ, ಗ್ಯಾಸು ಎಲ್ಲಿದೆ, ನಿಮ್ಮಪ್ಪನ ಗಂಟೇನು ಹೋಗಿತ್ತು ಎಂದು ಫಕ್ಕೀರಪ್ಪನ ಮೂರು ತಲೆಮಾರನ್ನು ಬೈದ. ಫಕ್ಕೀರಪ್ಪ ಎಲ್ಲ ಕೇಳಿಸಿಕೊಂಡು, "ಸ್ವಲ್ಪ ಬೀಡಿ ಸೇದ್ರೆಪಾ" ಎಂದು ಫೋನು ಇಟ್ಟ. ಆಮೇಲೆ ಚೀಲ ಸರಿಸಿ ಗುಂಡಿ ಒತ್ತಿದ.

ನೀರು: ಟಿಂ.

ಪಂಪು: ಢಬ್.

ಗ್ಯಾಸು: ಟಿಂ.

ಇಬ್ಬರೂ ಸ್ಪೀಕರನ್ನೇ ನೋಡಿದರು. ಫಕ್ಕೀರಪ್ಪ ಇನ್ನೊಮ್ಮೆ ಒತ್ತಿದ. ಟಿಂ. ಢಬ್. ಟಿಂ. ಆ ಕೊನೆಯ ಟಿಂ ಹುಟ್ಟಿದ ಕೂಡಲೇ ಸತ್ತಿತು. ಚೀಟಿಯಲ್ಲಿ ಕೀ ಇನ್ನೂ ಒತ್ತಿಯೇ ಇತ್ತು. ಪರದೆಯ ಮೇಲೆ ಅದರ ಉದ್ದನೆಯ ಪಟ್ಟಿ ಓಡುತ್ತಲೇ ಇತ್ತು, ಮೇಲಕ್ಕೂ ಬಾಗುತ್ತಿತ್ತು. ಆದರೆ ಪಿಯಾನೊದ ತಂತಿಗೆ ಉಸಿರಿಲ್ಲ. ಒಮ್ಮೆ ಬಡಿದರೆ ಅಷ್ಟೇ, ಹನ್ನೊಂದು ನಿಮಿಷ ಒತ್ತಿ ಹಿಡಿದರೂ ಅದು ಒಂದೇ ಟಿಂ.

"ಕೊರಳ ಬದ್ಲಿ ಮಾಡ್ಯಾರ" ಅಂದ ಫಕ್ಕೀರಪ್ಪ. "ಅವತ್ತ ಮುಂಜಾನೆ ಪರದೆ ಮ್ಯಾಲೆ ಏನೋ ಬಂದಿತ್ತು. ಹೊಸಾದು, ಶುದ್ಧ ಧ್ವನಿ ಅಂತ. ನಾನೂ ಪಿಯಾನೊ ಕೇಳಿ ಖುಷಿಪಟ್ಟೆ. ಹೊಸ ಕೊರಳಿನ್ಯಾಗ ಸನಾದಿ ಇಲ್ಲ ರೇಣವ್ವ. ಚೀಟ್ಯಾಗ ಬರೆದ ವಾದ್ಯ ತನ್ನ ಹಂತ್ಯಾಕ ಇಲ್ಲದಿದ್ರ ಇವು ಇಲ್ಲ ಅನ್ನೂದಿಲ್ಲ. ಸುಮ್ನ ಪಿಯಾನೊ ಬಾರಿಸ್ತಾವು. ಸಿಗದ ವಾದ್ಯಕ್ಕೆಲ್ಲ ಪಿಯಾನೊ." ಅವನು ಬೋಳುತಲೆ ಸವರಿಕೊಂಡ. "ನಮ್ಮ ಆರ್ಕೆಸ್ಟ್ರಾದಾಗೂ ಆಗಿತ್ತು. ನನ್ನ ಫ್ಲಾಪಿ ಬ್ಯಾರೆಯವನ ಕೀಬೋರ್ಡಿಗೆ ಹಾಕಿದ್ರ, ತಾಳಿ ಕಟ್ಟೂ ಹೊತ್ತಿನ್ಯಾಗ ಡೋಲಿನ ಬದ್ಲಿ ಟೆಲಿಫೋನ್ ಬಡ್ಕೊಂತು. ಹೆಣ್ಣಿನ ಅಪ್ಪ ಚಪ್ಪಲಿ ತಗೊಂಡು ಸ್ಟೇಜ್ ಹತ್ತಿದ್ದ."

"ಅವತ್ತ ನಾವು ಈ ಗುಂಡಿ ಒತ್ತಿದ್ರ?" ಅಂದಳು ರೇಣವ್ವ.

ಫಕ್ಕೀರಪ್ಪ ಗುಂಡಿಯ ಮೇಲಿಂದ ಬೆರಳು ತೆಗೆದ.

ಕೇಳುಗರು ಗುಂಡಿ ಒತ್ತುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಸೋಮಾರಿತನದಿಂದಲ್ಲ. ಅವರಿಗೆ ತಮ್ಮದೇ ಒಂದು ಪದ್ಧತಿ ಇತ್ತು. ಪಾಳಿ ಬದಲಾಗುವಾಗ ಎದ್ದು ಹೋಗುವವರು ಬಂದವರಿಗೆ ಬಾವಿಗಳನ್ನು ಗುನುಗಿ ಒಪ್ಪಿಸುತ್ತಿದ್ದರು. ಯಾವ ಬಾವಿಯ ನೀರು ಹೇಗೆ, ಯಾವ ಪಂಪು ಏದುತ್ತಿದೆ ಎಂದು ಬಾಯಲ್ಲೇ ಟಿಂ, ಢಬ್. ಕೊನೆಗೆ ಸನಾದಿಯ ಒಂದು ಏರಿಕೆ ಗುನುಗಿ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳಬೇಕು: ಸನಾದಿ ಇದೆ, ಸುಮ್ಮನಿದೆ ಎಂದು. ಗುಂಡಿಯ ಒಣ ಸದ್ದಿಗಿಂತ ಇದು ಎಷ್ಟೋ ನಂಬಿಕೆಯದು ಅನಿಸುತ್ತಿತ್ತು. ಅವತ್ತೂ ಫಕ್ಕೀರಪ್ಪ ಮಾರುತೆಪ್ಪನ ಏರಿಕೆಯನ್ನು ಆ ಕೂದಲೆಳೆಯ ತಡೆ ಸಮೇತ ಗುನುಗಿ, ಬಾಯಿ ಮುಚ್ಚಿಕೊಂಡು, ನಕ್ಕು ಹೋಗಿದ್ದ. ಸನಾದಿ ಇದ್ದದ್ದು ಅವನ ಬಾಯಲ್ಲಿ. ಕಂಪ್ಯೂಟರಿನಲ್ಲಿ ಅದು ಬೆಳಿಗ್ಗೆಯೇ ಹೋಗಿತ್ತು.

"ತಂಗೀ" ಅಂದ ಫಕ್ಕೀರಪ್ಪ. "ಕೊರಳ ಬದ್ಲಿ ಆಗೇತಿ ಅಂತ ನೀ ಹೇಳಿದ್ರ, ಮೊದ್ಲ ಕೇಳೂ ಮಾತು ಇದ. ಗುಂಡಿ ಯಾಕ ಒತ್ತಲಿಲ್ಲ ಅಂತ. ಆಮ್ಯಾಲೆ ನೀನೂ ಇಲ್ಲ, ನಾನೂ ಇಲ್ಲ. ಸಹಿ ಮಾಡು. ಮೀಟರು ಓದ್ಕೊಂತ ಇರು. ಇಲ್ಲಿ ನಾ ಇನ್ಮ್ಯಾಲೆ ಒಂದೂ ಟಿಂ ಬಿಡೂದಿಲ್ಲ, ನನ್ನ ಮಕ್ಕಳಾಣಿ."

"ಇನ್ನೂ ಎರಡ ಖೋಲಿ ಅದಾವಲ್ಲ ಅಣ್ಣಾ. ಅಲ್ಲಿ ಆರ ಮಂದಿ ಕುಂತಾರ. ಅವರಿಗೆ ಗೊತ್ತಿಲ್ಲ."

"ಅವರಿಗೆ ನಾ ಗುಟ್ಟಾಗಿ ಹೇಳ್ತೀನಿ."

"ಮುಂದಿನ ಸಲ ಇನ್ನೊಂದ ಹೊಸಾದು ಬರ್ತೈತಿ. ಆವಾಗ?"

ಫಕ್ಕೀರಪ್ಪ ಎಲೆಗೆ ಸುಣ್ಣ ಹಚ್ಚತೊಡಗಿದ. ಸುಣ್ಣ ಬೆರಳಿಗೇ ಹತ್ತಿತು, ಎಲೆಗೆ ಹತ್ತಲಿಲ್ಲ.

ಗುರುವಾರ ವಿಚಾರಣೆಯ ಕೋಣೆಯಲ್ಲಿ ಕುರ್ಚಿ ಹೆಚ್ಚಾಗಿದ್ದವು. ಸಿಸ್ಟಮ್ ವಿಭಾಗದ ಚೇತನ ಬಂದಿದ್ದ. ಕಣ್ಣ ಕೆಳಗೆ ಕಪ್ಪು ಹಿಡಿದ, ಮೂರು ಊರುಗಳ ಕಂಪ್ಯೂಟರ್ ಒಬ್ಬನೇ ನೋಡಿಕೊಳ್ಳುವ ಯುವಕ. ಸಾಕ್ಷಿಯಾಗಿ ಫಕ್ಕೀರಪ್ಪ. ಮೃತನ ಕಡೆಯವರೆಂದು ಮಾಬುಬಿ, ಗೋಡೆಯ ಬದಿಗೆ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು. ರೇಣವ್ವನ ಕಡೆ ಅವಳು ನೋಡಲಿಲ್ಲ.

"ಸಹಿ?" ಅಂದರು ಇನಾಮದಾರರು.

"ಮಾಡ್ತೀನ್ರಿ. ಅದಕ್ಕಿಂತ ಮೊದ್ಲ ಆ ಫೈಲ ಇನ್ನೊಮ್ಮೆ ಹಚ್ರಿ. ನಿಮ್ಮ ಲ್ಯಾಪ್‌ಟಾಪಿನ್ಯಾಗ ಒಮ್ಮೆ. ಚೇತನಪ್ಪಾರ ಫೋನಿನ್ಯಾಗ ಒಮ್ಮೆ. ಆಮ್ಯಾಲೆ ನಮ್ಮ ಖೋಲಿ ಪೆಟಿಗ್ಯಾಗ ಒಮ್ಮೆ."

"ಮೂರೂ ಒಂದೇ ಫೈಲ್ ಅಲ್ವಾ ಮೇಡಂ?" ಅಂದ ಚೇತನ.

"ಅದಕ್ಕ ಹಚ್ರಿ."

ಲ್ಯಾಪ್‌ಟಾಪಿನಲ್ಲಿ ಸನಾದಿ ಚೀರಿತು. ಅದರಲ್ಲಿದ್ದದ್ದು ಮೂರು ವರ್ಷದ ಹಿಂದಿನ ತಪಾಸಣೆಗೆ ಹಾಕಿಕೊಟ್ಟ ಹಳೇ ಕೊರಳು. ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಮಾಬುಬಿ ಕಿವಿ ಮುಚ್ಚಿಕೊಂಡಳು. ಫೋನಿನಲ್ಲಿ ನೀರು ವೀಣೆಯಂತೆ, ಪಂಪು ಚಪ್ಪಾಳೆಯಂತೆ ಕೇಳಿಸಿತು, ಗ್ಯಾಸು ಎಲ್ಲೋ ದೂರದಲ್ಲಿ ಕೊಳಲೂದಿದಂತೆ ಹಿತವಾಗಿತ್ತು. ಚೇತನನ ಮುಖದ ಬಣ್ಣ ಅಲ್ಲೇ ಬದಲಾಯಿತು. ಕೇಳುವ ಕೋಣೆಯ ಕಂಪ್ಯೂಟರನ್ನು ತಂತಿಯ ಮೇಲೆ ಕರೆದು, ಅದೇ ಫೈಲನ್ನು ಅಲ್ಲಿ ಹಚ್ಚಿ, ಸ್ಪೀಕರನ್ನು ಮೇಜಿನ ನಡುವೆ ಇಟ್ಟ.

ಟಿಂ, ಟಿಂ, ಢಬ್. ಟಿಂ, ಢಬ್. ಹದಿನೈದು ನಿಮಿಷ. ಇಂಪಾಗಿತ್ತು. ಇಂಥದನ್ನು ಹಚ್ಚಿಕೊಂಡು ಮಕ್ಕಳನ್ನು ಮಲಗಿಸಬಹುದಿತ್ತು.

ಮುಗಿದ ಮೇಲೆ ಇನಾಮದಾರರು ಕೇಳಿದರು, "ಇದರಾಗ ಯಾವುದು ಬರೋಬರಿ?"

ಚೇತನ ಫೋನನ್ನು ಮೇಜಿನ ಮೇಲಿಟ್ಟ. "ಸರ್, ಒಂದು ರೀತಿಯಲ್ಲಿ ಮೂರೂ ಸರಿ. ಫೈಲ್ ಏನು ಒತ್ತಬೇಕು ಅಂತ ಹೇಳುತ್ತೆ. ಹೇಗೆ ಕೇಳಿಸಬೇಕು ಅಂತ ಹೇಳಲ್ಲ. ಅದು ಆಯಾ ಸಾಫ್ಟ್‌ವೇರಿಗೆ ಬಿಟ್ಟದ್ದು."

"ನೀವು ಹೇಳ್ರಿ" ಎಂದು ಇನಾಮದಾರರು ರೇಣವ್ವನ ಕಡೆ ತಿರುಗಿದರು. "ಯಾವುದು ಬರೋಬರಿ?"

"ಗ್ಯಾಸ ಬರೋಬರಿ ಐತ್ರಿ ಸಾಹೇಬ್ರ" ಅಂದಳು ರೇಣವ್ವ. "ಅದು ಮಾತ್ರ ಬದ್ಲಿ ಆಗಿಲ್ಲ."

ಇನಾಮದಾರರು ಬಹಳ ಹೊತ್ತು ಕಾಗದ ತಿರುವಿದರು. ಏನು ಕಳಿಸಿದರು ಎಂಬುದಕ್ಕೆ ಮಂಡಳಿಯಲ್ಲಿ ಹನ್ನೆರಡು ವರ್ಷದ ದಾಖಲೆ ಇತ್ತು. ಏನು ಕೇಳಿಸಿತು ಎಂಬುದಕ್ಕೆ ಒಂದು ದಿನದ್ದೂ ಇರಲಿಲ್ಲ. ಕೊನೆಗೆ ಅವರ ಬೆರಳು ಒಂದು ನಿಯಮದ ಮೇಲೆ ನಿಂತಿತು. ಆ ಬೆರಳು ಅಲ್ಲಿಗೇ ಬರುತ್ತದೆಂದು ಫಕ್ಕೀರಪ್ಪನಿಗೆ ನಿನ್ನೆಯೇ ಗೊತ್ತಿತ್ತು.

"ಪಾಳಿ ಸುರು ಆಗೂ ಮೊದ್ಲ ಪರೀಕ್ಷಾ ಗುಂಡಿ ಒತ್ತಬೇಕು ಅಂತ ಐತಿ. ಒತ್ತಿದ್ರ ಅವತ್ತ ಹತ್ತ ಗಂಟೇಕ ಗೊತ್ತಾಗ್ತಿತ್ತು. ಒತ್ತಿದ್ರೇನು?"

ಫ್ಯಾನು ಕಟಕಟ ಅನ್ನುತ್ತಿತ್ತು. ಒತ್ತಿದೆ ಅಂದರೆ ಸುಳ್ಳೆಂದು ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಗುಂಡಿಯ ದಾಖಲೆಯನ್ನು ಯಾರೂ ಇಟ್ಟಿರಲಿಲ್ಲ. ಹಾಗಂದುಬಿಟ್ಟರೆ ತಪ್ಪೆಲ್ಲ ಹೊಸ ಕೊರಳಿನದು, ಅವಳ ಕೆಲಸ ಉಳಿಯುತ್ತದೆ. ಆದರೆ ಆಗ ಇನ್ನು ಮೇಲೂ ಯಾರೂ ಗುಂಡಿ ಒತ್ತುವುದಿಲ್ಲ. ಎಲ್ಲರೂ ಗುನುಗುತ್ತಾರೆ, ಬಾಯಿ ಮುಚ್ಚಿಕೊಳ್ಳುತ್ತಾರೆ, ನಕ್ಕು ಮನೆಗೆ ಹೋಗುತ್ತಾರೆ. ರೇಣವ್ವ ಫಕ್ಕೀರಪ್ಪನ ಕಡೆ ನೋಡಲಿಲ್ಲ. ಮೊದಲ ಸಲ ಮಾಬುಬಿಯ ಕಡೆ ನೋಡಿದಳು. ಮಾಬುಬಿ ಅವಳನ್ನೇ ನೋಡುತ್ತಿದ್ದಳು.

"ಇಲ್ರಿ" ಅಂದಳು. "ನಾ ಒತ್ತಿಲ್ಲ. ನಾಕ ವರ್ಷ ಆತು."

ಫಕ್ಕೀರಪ್ಪನ ಕುರ್ಚಿ ಒಮ್ಮೆ ಕಿರ್ ಅಂದಿತು. ಎದ್ದನೇನೋ ಅನಿಸಿತು. ಎದ್ದಿರಲಿಲ್ಲ, ಮೊಣಕಾಲು ಸರಿಸಿಕೊಂಡಿದ್ದ.

ಆದೇಶ ಹದಿನೈದು ದಿನದಲ್ಲಿ ಬಂತು. ಹೊಸ ಸಾಫ್ಟ್‌ವೇರಿನಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಪರೀಕ್ಷೆ ನಡೆಸದೆ ಕರ್ತವ್ಯಲೋಪ ಎಸಗಿದ ಕೇಳುಗರನ್ನು ಸೇವೆಯಿಂದ ತೆಗೆಯಲಾಗಿದೆ. ಪ್ರಾಮಾಣಿಕವಾಗಿ ಒಪ್ಪಿಕೊಂಡ ಕಾರಣ ಪೊಲೀಸರಿಗೆ ಒಪ್ಪಿಸಲಾಗುತ್ತಿಲ್ಲ. ಇನ್ನು ಮುಂದೆ ಮೂರೂ ಕೋಣೆಗಳಲ್ಲಿ ಗುಂಡಿ ಒತ್ತದೆ ಬಾವಿಯ ದನಿ ತೆರೆಯುವುದೇ ಇಲ್ಲ, ಹಾಗೆ ಬೀಗ ಹಾಕಲಾಗಿದೆ. ಸನಾದಿ ಹೊಸ ಕೊರಳಿನಲ್ಲಿ ಲಭ್ಯವಿಲ್ಲ, ಗ್ಯಾಸಿಗೆ ಬದಲಿಯಾಗಿ ತುತ್ತೂರಿ. ದಾವಲಸಾಬನನ್ನು ಒಳಗೆ ಇಳಿಸಿದವರು ಯಾರು ಎಂಬ ಪ್ರಶ್ನೆ ಆದೇಶದಲ್ಲಿ ಎಲ್ಲೂ ಇರಲಿಲ್ಲ. ಅದು ವಿಚಾರಣೆಯ ವ್ಯಾಪ್ತಿಗೆ ಬರುತ್ತಿರಲಿಲ್ಲವಂತೆ.

ಮಾರುತೆಪ್ಪ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡ. ಈ ನಗರದಲ್ಲಿ ಅವನ ಉಸಿರು ಇನ್ನು ಎಲ್ಲೂ ಇರಲಿಲ್ಲ, ಎದೆಯಲ್ಲಿ ಉಳಿದಷ್ಟೇ.

"ತುತ್ತೂರಿ ಏನೂ ಅಡ್ಡಿ ಇಲ್ಲ" ಅಂದ. "ಊದೂ ವಾದ್ಯ. ಹಿಡದ್ರ ನಿಲ್ತೈತಿ."

"ಹೂಂ."

"ಫಕ್ಕೀರ್ಯಾ ಬಂದಿದ್ದನೇನು?"

"ಇಲ್ಲ."

"ಬರ್ತಾನ ತಗೋ. ನಾಚಿಕಿ ಕಳೀಲಿ."

ಸಂಜೆ ನಾಲ್ಕರ ಹೊತ್ತಿಗೆ ರೇಣವ್ವ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ನೆರಳು ಬಿತ್ತು. ಮಾಬುಬಿ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ತೊಳೆದು ಹೊಳೆಯುವಂತೆ ಉಜ್ಜಿದ್ದಳು. ಒಳಗೆ ಬಂದು, ಪಾತ್ರೆಯನ್ನು ನೆಲದ ಮೇಲಿಟ್ಟು, ಗೋಡೆಗೆ ಒರಗಿ ಕೂತಳು. ತಮ್ಮ ಮನೆಯ ಕಡೆಯ ಅದೇ ಗೋಡೆ.

"ಅಕ್ಕಾ" ಅಂದಳು. "ಅವತ್ತ ಆಪೀಸಿನ್ಯಾಗ ಬಾರಿಸಿದ್ರಲ್ಲ, ಮೂರನೇದು. ಅದ ನಿನಗ ಕೇಳಿಸಿದ್ದು?"

"ಅದ."

"ಹಾಡು."

"ಮಾಬೂ..."

"ಹಾಡು ಅಂದ್ನಿ. ಅವನ ಕಡೀದು ಅದು. ನನಗ ಒಂದ ಸಲ ಅಷ್ಟ ಕೇಳಿಸೇತಿ, ಅದೂ ಅಷ್ಟ ಮಂದಿ ನಡುವ."

ರೇಣವ್ವ ಈಳಿಗೆ ಮಣೆ ಸರಿಸಿದಳು. ಕೈ ಒರೆಸಿಕೊಂಡಳು. ಪಾಳಿ ಒಪ್ಪಿಸುವಾಗ ಗುನುಗುವ ಹಾಗೆಯೇ, ಮೆಲ್ಲಗೆ, ಶುರುಮಾಡಿದಳು. ಟಿಂ, ಟಿಂ, ಢಬ್. ಟಿಂ, ಢಬ್. ಅವಳ ತಲೆಯೊಳಗೆ ಅದು ಅಚ್ಚೊತ್ತಿತ್ತು, ಹದಿನೈದು ನಿಮಿಷದಲ್ಲಿ ಒಂದು ಏಟೂ ತಪ್ಪುತ್ತಿರಲಿಲ್ಲ. ಹೊರಗೆ ಅಪ್ಪನ ಕೆಮ್ಮು ನಿಂತಿತು, ಅವನೂ ಕೇಳುತ್ತಿದ್ದ. ಮಾಬುಬಿ ಕಣ್ಣು ಮುಚ್ಚಿ, ಬಲಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಳು. ಸ್ವರ ಗೊತ್ತಿಲ್ಲದವಳು, ಒಂದು ವಾದ್ಯವನ್ನೂ ಕೈಯಲ್ಲಿ ಹಿಡಿಯದವಳು.

ಟಿಂ, ಟಿಂ, ಢಬ್. ಟಿಂ, ಢಬ್. ಟಿಂ, ಟಿಂ, ಟಿಂ...

ಸಾಲಿಗೆ ಸೇರದ ಆ ಒಂದು ಟಿಂಗೆ ಮಾಬುಬಿಯ ಬೆರಳು ಮೊಣಕಾಲಿನಿಂದ ಮೇಲೆದ್ದಿತು.

"ಇದ ಅಲ್ಲ?" ಅಂದಳು.

ರೇಣವ್ವನ ಗುನುಗು ನಿಂತಿತು.

"ಇದ" ಅಂದಳು.